ಕೊಯ್ಯೋದಲ್ಲ, ಕಾಯಿಸೋದು

ರಂಗಂಪೇಟಿಯ ಸಮಸ್ತ ಹಿರಿಯರಿಗೆ, ಕಿರಿಯರಿಗೆ, ಅಕ್ಕ-ತಂಗ್ಯಾರಿಗೆ, ದಿನಾ ಮುಂಜಾನಿ ಚಾಪುಡಿ ನೆವ ಮಾಡಿ ಬಂದು ಪುಕ್ಕಟ ಪೇಪರ್ ಓದಿ ಹೋಗೋ ಮಹನೀಯರಿಗೆ ಈ ಮೂಲಕ ಜಾಹೀರು ಮಾಡೋದೇನಂದ್ರ: ಬರೋ ಮಂಗಳವಾರ ದಿವಸ ಸೂಗಪ್ಪನ ಕಿರಾಣಿ ದುಕಾನ ಬಂದ್ ಇರ್ತದ. ಸಕ್ಕರಿ, ಸಾಬೂನು, ಸಾಸಿವಿ, ಸೊಳ್ಳಿಬತ್ತಿ ಯಾರಿಗೇನು ಬೇಕೋ ಸೋಮವಾರನೇ ಒಯ್ಯಬೇಕು. ಮಂಗಳವಾರ ಬಂದು ಶಟರ್ ಬಡದ್ರ ಶಟರ್ ಮಾತಾಡ್ತದ, ಸೂಗಪ್ಪ ಮಾತಾಡಂಗಿಲ್ಲ.

ಇಷ್ಟು ರಟ್ಟಿನ ಮ್ಯಾಲ ಬರದು ತೂಗಬಿಟ್ಟಿದ್ದೇ ತಡ, ಓಣಿ ಮಂದಿ ದಂಗ್ ಬಡದು ನಿಂತರು. ಯಾಕಂದ್ರ ಈ ದುಕಾನ ಸೂಗಪ್ಪನ ಅಪ್ಪ ಸತ್ತ ದಿನಾನೂ ಪೂರಾ ಮುಚ್ಚಿರಲಿಲ್ಲ. ಅರ್ಧಾ ಶಟರ್ ಇಳಿಸಿ, ಮಣ್ಣಿಗಿ ಬಂದ ಮಂದಿಗಿ ಊದಿನಕಡ್ಡಿ ಕರ್ಪೂರ ಇಂವನೇ ಮಾರಿದ್ದ. ಲಾಕ್‌ಡೌನಿನ್ಯಾಗ ಪೊಲೀಸರು ಮುಂದಿನ ಬಾಗಲಾ ಮುಚ್ಚಿಸಿ, ಹಿಂದಿನ ಕಿಡಕ್ಯಾಗಿಂದ ತಾವೇ ಗುಟಕಾ ತಗೊಂಡು ಹೋಗಿದ್ರು. ಅಂಥಾ ದುಕಾನ ಬಂದ್!

"ಏನಾತೋ ಸೂಗಪ್ಪ?" ಅಂತ ಬಾಜೂ ಮನಿ ಮಲಕಮ್ಮ ಕೈಯಾಗಿನ ಮೊರ ಹಂಗೇ ಹಿಡಕೊಂಡು ಬಂದ್ಳು. "ಯಾರದರ ಮದುವಿನೋ, ಇಲ್ಲಾ ನಿನ್ನ ಮ್ಯಾಲ ಕೇಸೋ?"

"ಎರಡೂ ಅಲ್ಲ ಮಲಕಕ್ಕ," ಅಂದ ಸೂಗಪ್ಪ, ಹಣಿ ಮ್ಯಾಲಿನ ವಿಭೂತಿ ಸರಿ ಮಾಡ್ಕೊಂತ. "ವಿಜ್ಞಾನ."

ಖರೇ ಮಾತು ಏನಂದ್ರ, ಸೂಗಪ್ಪನ ಹೇಣ್ತಿ ಸುನಿತಾಗ ಹೊಟ್ಟಿಯೊಳಗ ಗಡ್ಡಿ ಆಗಿತ್ತು. ತಿಂಗಳದ್ದು ಸುರು ಆದ್ರ ನಿಲ್ಲವಲ್ದಾಗಿತ್ತು. ಮಾರಿ ಸುಣ್ಣದ ಗ್ವಾಡಿ ಇದ್ದಂಗ ಬೆಳ್ಳಗಾಗಿತ್ತು. ಶಹಾಪುರದಾಗ ಸ್ಕ್ಯಾನ್ ಮಾಡಿಸಿದ್ರ, ಗರ್ಭಚೀಲದ ಗ್ವಾಡ್ಯಾಗ ಆಳದಾಗ ಒಂದು ಗಡ್ಡಿ, ಲಿಂಬಿಗಿಂತ ದೊಡ್ಡದು, ಮೂಸಂಬಿಗಿಂತ ಸಣ್ಣದು. ಕ್ಯಾನ್ಸರ್ ಅಲ್ಲ, ಆದ್ರ ರಕ್ತ ಕುಡಿಯೋದು ಬಿಡಂಗಿಲ್ಲ. ಅಲ್ಲಿನ ಡಾಕ್ಟರ್ ತಲಿ ಎತ್ತಿ ಪೇಶಂಟಿನ ಮಾರಿ ಸುದ್ದಾ ನೋಡಲಿಲ್ಲ. "ಚೀಲ ತೆಗೆದ್ಬಿಡ್ರಿ" ಅಂದ್ರು, ಕಾಲಾಗಿನ ಚಪ್ಪಲಿ ತೆಗೀರಿ ಅಂದಂಗ.

ನಮ್ಮ ಕಡಿ ಜಲ್ದಿ ಖಾಲಿ ಆಗೋ ಚೀಲ ಎರಡೇ ನೋಡ್ರಿ. ಒಂದು ರೇಷನ್ ಚೀಲ, ಇನ್ನೊಂದು ಹೆಂಗಸರ ಗರ್ಭಚೀಲ. ಸೊಂಟ ನೂಸಿದ್ರೂ ಚೀಲ, ತಲಿ ತಿರುಗಿದ್ರೂ ಚೀಲ. ಸೂಗಪ್ಪನ ಅಕ್ಕ ಮೌನಮ್ಮ ವಡಗೇರಾಕ್ಕ ಕೊಟ್ಟಾಕಿ, ಇನ್ನಾ ಕೂದಲಾ ಕರ್ರಗಿದ್ದಾಗೇ ಚೀಲ ತೆಗಿಸಿಕೊಂಡಿದ್ಳು. ಚೀಲದ ಜೋಡಿ ಇನ್ನೇನೇನು ತೆಗೆದ್ರೋ ಆಕಿಗೂ ಗೊತ್ತಿಲ್ಲ, ತೆಗದವರಿಗೂ ನೆನಪಿಲ್ಲ. ಮುಂದ ವರ್ಷ ತುಂಬೂದ್ರಾಗ ಮೈಯೆಲ್ಲಾ ಕುದಿ, ಎಲುಬೆಲ್ಲಾ ಹಪ್ಪಳ. ಈಗ ಗ್ವಾಡಿ ಹಿಡಿದು ಏಳ್ತಾಳ, ಬಾಗಲಾ ಹಿಡಿದು ಕುಂದರ್ತಾಳ. ನೋಡಿದವರು ಆಕಿನ್ನ ಸೂಗಪ್ಪನ ಸಣ್ಣವ್ವ ಅಂತ ತಿಳಕೋತಾರ.

ಸುನಿತಾ ಅದನ್ನ ಕಣ್ಣಾರೆ ಕಂಡಾಕಿ. "ನನ್ನ ಚೀಲ ನನ್ನ ಹೊಟ್ಟಿಯಾಗೇ ಇರಬೇಕು," ಅಂದ್ಳು. "ನಾ ಮೌನಕ್ಕ ಆಗಂಗಿಲ್ಲ. ನಮ್ಮ ಮಗಳು ಭಾರತಿ ಇನ್ನಾ ಸಾಲ್ಯಾಗ ಎರಡನೇತ್ತೆ ಅದಾಳ. ಆಕಿ ಹತ್ತನೇತ್ತೆಗಿ ಬರೂದ್ರಾಗ ನಾ ಬಡಿಗಿ ಹಿಡಿಯಾಕಿ ಅಲ್ಲ." ಹಿಂಗಂದು ಆಪರೇಷನ್ನಿನ ತಾರೀಖು ತಪ್ಪಿಸಿ ಮನಿಗಿ ಬಂದಿದ್ಳು. ಬಂದು ರಕ್ತ ಕಳಕೊಂತ ಕುಂತಿದ್ಳು.

ಅವಾಗ ಬಂತು ವಿಜ್ಞಾನ. ತಂದಾಂವ ಸುನಿತಾನ ತಮ್ಮ ಚೇತನಕುಮಾರ, ಶಹಾಪುರದಾಗ ಮೆಡಿಕಲ್ ಶಾಪ್ ಇಟ್ಟಾಂವ.

"ಮಾವ, ಹೈದ್ರಾಬಾದಿನ್ಯಾಗ ಒಂದು ಮಷೀನ್ ಬಂದದ. ಕೊಯ್ಯಂಗಿಲ್ಲ, ಹೊಲಿಯಂಗಿಲ್ಲ, ಒಂದು ಹನಿ ರಕ್ತ ಇಲ್ಲ. ಬರೇ ಸಪ್ಪಳ."

"ಸಪ್ಪಳನಾ? ನಮ್ಮ ಓಣ್ಯಾಗ ಡಿ.ಜೆ. ಹಚ್ಚಿದ್ರ ಯಾರಿಗೂ ಏನೂ ವಾಸಿ ಆಗಿದ್ದು ನೋಡಿಲ್ಲ."

"ಕಿವಿಗಿ ಕೇಳದ ಸಪ್ಪಳ ಮಾವ. ಸ್ಕ್ಯಾನಿಂಗ್ ಮಾಡ್ತಾರಲ್ಲ, ಅದೇ ಅಲ್ಟ್ರಾಸೌಂಡ್. ಆದ್ರ ನೂರಾರು ಕಡಿಯಿಂದ ಬಿಟ್ಟು ಒಂದೇ ಬಿಂದುದಾಗ ತಂದು ಕೂಡಸ್ತಾರ. ಕೂಡಿದ ಜಾಗಾ ಅಷ್ಟೇ ಕಾಯ್ತದ. ಗಡ್ಡಿ ಒಳಗಿಂದೊಳಗ ಬೆಂದು ಸಾಯ್ತದ. ಮ್ಯಾಲಿನ ತೊಗಲಿಗಿ ಮಾಲೂಮೇ ಆಗಂಗಿಲ್ಲ. ಚೀಲ ಇದ್ದಲ್ಲೇ ಇರ್ತದ."

ಸೂಗಪ್ಪ ಬಾಯಿ ತೆರಕೊಂಡು ಕುಂತ. ಹೊಟ್ಟಿ ತೆರೀದಂಗ ಹೊಟ್ಟಿಯೊಳಗಿಂದು ಸುಡೋದು! ಮರುದಿನಾನೇ ಗಲ್ಲಾದ ಮ್ಯಾಲ ಕುಂತು ಗಿರಾಕಿಗಳಿಗಿ ಪಾಠ ಸುರು ಮಾಡಿದ: "ನೋಡ್ರಿ, ಸಂಜಿ ಹೊತ್ತು ಹತ್ತು ಮಂದಿ ಹತ್ತು ಕಡಿ ನಿಂತು 'ಸೂಗಪ್ಪ ಬೆಲ್ಲಾ ಕೊಡು, ಸೂಗಪ್ಪ ಬ್ಯಾಳಿ ಕೊಡು' ಅಂತ ಒದರ್ತೀರಿ. ಒಬ್ಬೊಬ್ಬರದು ಸಣ್ಣ ದನಿ, ಯಾರಿಗೂ ಏನೂ ಆಗಂಗಿಲ್ಲ. ಆದ್ರ ಆ ದನಿ ಎಲ್ಲಾ ಬಂದು ಕೂಡೋದು ಎಲ್ಲಿ? ನನ್ನ ತಲ್ಯಾಗ. ತಲಿ ಕಾಯ್ತದೋ ಇಲ್ಲೋ? ಇದೇ ಆ ಮಷೀನು."

"ನಿಮ್ಮ ತಲಿ ದಿನಾ ಕಾಯ್ತದ," ಅಂತ ಒಳಗಿಂದ ಸುನಿತಾನ ದನಿ ಬಂತು. "ಒಳಗಿನ ಗಡ್ಡಿ ಇನ್ನಾ ಕರಗಿಲ್ಲ."

ಓಣಿ ನಕ್ಕಿತು, ಸೂಗಪ್ಪನೂ ನಕ್ಕ. ಬಾಳ ದಿನದ ಮ್ಯಾಲ ಆಕಿ ಚಾಷ್ಟಿ ಮಾಡಿದ್ದು ಕೇಳಿ ಅಂವಗ ಒಳಗೊಳಗ ಹಾಲು ಕುಡದಂಗಾತು. ದವಾಖಾನಿ ಅಂದ್ರ ಹೊರಗ ಕುಂತು ಕಾಯೋದು ಅಂತಷ್ಟೇ ಗೊತ್ತಿದ್ದಾಂವಗ, ಒಳಗ ಮಲಗಿನೂ ಕಾಯೋದು ಅಂಬೋ ಸುದ್ದಿ ಅಮೃತ ಇದ್ದಂಗ. ಅಲ್ಲೇ ಕುಂತು ದೊಡ್ಡ ಪ್ಲಾನ್ ಹಾಕಿದ. ಮೊದಲ ಸುನಿತಾ. ಆಕಿ ನೆಟ್ಟಗ ನಡಕೊಂತ ಬಂದಮ್ಯಾಲ ಓಣಿ ಹೆಂಗಸರನ್ನ ಕ್ರೂಸರ್ ಗಾಡ್ಯಾಗ ತುಂಬಿಕೊಂಡು ಒಯ್ಯೋದು. ಇನ್ನ ಮುಂದ ರಂಗಂಪೇಟ್ಯಾಗ ಒಂದು ಚೀಲನೂ ಹೋಗಬಾರದು!

ಚೇತನಕುಮಾರ ಇನ್ನೊಂದು ಸಿಹಿ ಸುದ್ದಿ ತಂದ. ಆ ಹೈದ್ರಾಬಾದಿನ ದವಾಖಾನಿಯವರು ಯಾದಗಿರಿಗೇ ಡಾಕ್ಟರನ್ನ ಕಳಸ್ತಾರ, ಮಷೀನಿಗಿ ಯಾರು ಬರ್ತಾರ, ಯಾರು ಬರಂಗಿಲ್ಲ ಅಂತ ತಪಾಸು ಮಾಡಿ ಆರಸ್ತಾರ. ಫೋನ್ ಹಚ್ಚಿದ್ರ ಆಕಡಿ ಒಬ್ಬ ಹುಡುಗಿ ಪ್ರಶ್ನಿ ಕೇಳಿದ್ಳು.

"ಪೇಶಂಟ್ ಮೈಯಾಗ ಕಬ್ಬಿಣ, ಸ್ಟೀಲು ಏನಾದ್ರೂ ಅದಾ ಸಾರ್?"

"ನಾಲಿಗಿ ಒಂದು ಬಿಟ್ರ ಏನೂ ಇಲ್ರಿ."

"ಮೊದಲು ಆಪರೇಷನ್ ಆಗಿದೆಯಾ? ಹೊಟ್ಟೆ ಮೇಲೆ ಕಲೆ, ಗಾಯದ ಗುರುತು?"

"ಇಲ್ರಿ. ಹೆರಗೀನೂ ಸಸೂತ್ರ ಆಗೇದ. ಹೊಟ್ಟಿ ಬೆಳಗಿ ಇಟ್ಟ ಪರಾತ ಇದ್ದಂಗದ."

ಹುಡುಗಿ ನಕ್ಕು ಮಂಗಳವಾರ ಬರ್ರಿ ಅಂದ್ಳು. ಸೂಗಪ್ಪ ರಟ್ಟು ಹುಡುಕಲಾಕ ಹೋದ.

ಮಂಗಳವಾರ ಮುಂಜಾನಿ ಹೊಂಟವರು ಮೂರು ಮಂದಿ, ಸೂಗಪ್ಪ, ಸುನಿತಾ, ಸೂಗಪ್ಪನ ಅವ್ವ ಗೊಲ್ಲಾಳಮ್ಮ. ಗೊಲ್ಲಾಳಮ್ಮಗ ಸುನಿತಾ ಬರೇ ಸೊಸಿ ಅಲ್ಲ, ಸ್ವಂತ ತಮ್ಮನ ಮಗಳು. ತೊಟ್ಟಿಲದಾಗಿದ್ದಾಗೇ "ಇದು ನಮ್ಮ ಮನಿದು" ಅಂತ ಬೆರಳ ಮಾಡಿಟ್ಟಿದ್ದ ಕೂಸು. "ನನ್ನ ಬಿಟ್ಟು ಹೊಂಟ್ರ ಬಸ್ಸಿನ ಮುಂದ ಮಲಗ್ತೀನಿ" ಅಂದ್ಳು ಮುದುಕಿ. ಬಸ್‌ಸ್ಟ್ಯಾಂಡಿಗಿ ಬಂದು ನೋಡಿದ್ರ ಮಲಕಮ್ಮ ಹೊಸಾ ಇಳಕಲ್ ಸೀರಿ ಉಟ್ಟು ನಿಂತಾಳ.

"ನನಗೂ ಚೀಲ ತೆಗಿ ಅಂದಾರಪ್ಪ. ನಾ ಯಾರಿಗೂ ಹೇಳಿರಲಿಲ್ಲ. ನಿನ್ನ ವಿಜ್ಞಾನ ನಮಗೂ ಒಂದೀಟು ಹಚ್ಚು."

ಬಸ್ ಹೊಂಟಿತು. ಶಹಾಪುರದ ಗುಡ್ಡದ ಸಾಲು ಬುದ್ಧ ಅಂಗಾತ ಮಲಗಿದಂಗ ಕಾಣ್ತಿತ್ತು. "ನೋಡ್ರಿ," ಅಂದ್ಳು ಸುನಿತಾ, "ಟೋಕನ್ ಇಲ್ಲದಂಗ, ಪಾಳಿ ಇಲ್ಲದಂಗ ಮಲಗೋ ನಸೀಬ ಅಂವಂದೇ." ಭೀಮಾ ಹೊಳಿ ದಾಟೂತನ ಮಲಕಮ್ಮ, ಸುನಿತಾ ಇಬ್ಬರೂ ಶೇಂಗಾ ತಿಂದು ಸಿಪ್ಪಿ ಸೂಗಪ್ಪನ ಕೈಯಾಗ ಕೊಡ್ಕೊಂತ ಬಂದ್ರು. ಅಂವ ಅದನ್ನ ಖುಷಿಲೇ ಕಿಸೇದಾಗ ಹಾಕ್ಕೊಂಡ.

ಯಾದಗಿರ್ಯಾಗ ತಪಾಸಣಿ ಇಟ್ಟಿದ್ದು ಒಂದು ಕಲ್ಯಾಣ ಮಂಟಪದಾಗ. ಹಾಲಿನ ತುಂಬ ಹೆಂಗಸರು. ಮದುಮಗಳ ಕ್ವಾಣ್ಯಾಗ ಪರದಿ ಕಟ್ಟಿ, ಮಂಚ ಹಾಕಿ, ಸ್ಕ್ಯಾನಿಂಗ್ ಮಷೀನ್ ಇಟ್ಟಿದ್ರು. ಡಾಕ್ಟರ್ ಪಂಚಶೀಲಾ ಅಂತ, ಕಲಬುರಗಿ ಕಡಿಯಾಕಿ, ಹೈದ್ರಾಬಾದಿನ್ಯಾಗ ಈ ಮಷೀನಿನ ಮ್ಯಾಲೇ ಕೆಲಸ. ನಮ್ಮಂಗೇ ಮಾತು. ಅದು ಕೇಳಿದ ಕೂಡ್ಲೆ ಸೂಗಪ್ಪಗ ಅರ್ಧಾ ಗಡ್ಡಿ ಕರಗಿದಂಗೇ ಆತು.

ಸುನಿತಾನ ಪಾಳಿ ಮೊದಲಿತ್ತು. "ಮಲಕಕ್ಕ ಅಂಜ್ಯಾಳ, ಆಕಿದು ಮೊದಲ ಆಗ್ಲಿ," ಅಂತ ಸುನಿತಾ ಹಿಂದ ಸರದಳು. ಮಲಕಮ್ಮ ಗೊಲ್ಲಾಳಮ್ಮನ ಕೈ ಹಿಡಕೊಂಡು ಒಳಗ ಹೋದ್ಳು. ಸೂಗಪ್ಪ, ಸುನಿತಾ ಪರದಿ ಹೊರಗ ಬಾಕಿನ ಮ್ಯಾಲ ಕುಂತರು.

ಎರಡು ನಿಮಿಷ ಆಗಿರ್ಲಿಕ್ಕಿಲ್ಲ. ಒಳಗಿಂದ ಡಾಕ್ಟರ್ ಒದರಿದ್ರು: "ಅಯ್ಯ! ಇದೇನವ್ವ ಇದು?"

"ಯಾವದ್ರಿ?" ಮಲಕಮ್ಮನ ದನಿ.

"ಇವು! ಹೊಟ್ಟಿ ಮ್ಯಾಲ ನಾಕು ಸುಟ್ಟ ಕಲಿ! ಫೋನಿನ್ಯಾಗ ಕೇಳಿದ್ರ ಎಲ್ಲಾರೂ ಕಲಿ ಇಲ್ಲ, ಕಲಿ ಇಲ್ಲ ಅಂತೀರಿ!"

"ಅವು ಕಲಿ ಅಲ್ರಿ ಡಾಕ್ಟರಬಾಯಿ. ಸಣ್ಣಾಕಿದ್ದಾಗ ಹಾಕಿದ ಬರಿ."

ಹೊರಗ ಸೂಗಪ್ಪನ ಕೈ ತನ್ನಷ್ಟಕ್ಕ ತಾನೇ ತನ್ನ ಹೊಟ್ಟಿ ಮ್ಯಾಲ ಹೋತು. ಅಲ್ಲೂ ಅವ. ಅಂಗಿ ಒಳಗ, ಹೊಕ್ಕಳದ ಅಕ್ಕಪಕ್ಕ. ಓಣ್ಯಾಗ ಯಾರ ಹೊಟ್ಟಿ ಮ್ಯಾಲ ಇಲ್ಲ? ಕೂಸಿನ ಹೊಟ್ಟಿ ಮ್ಯಾಲ ಹಸರ ನರ ಕಂಡ್ರ, ಕೂಸು ಹಾಲು ಕಕ್ಕಿದ್ರ, ಸಂಜಿ ಮುಂದ ಅತ್ತರ, ದಬ್ಬಣಾ ಕೆಂಪಗ ಕಾಸಿ ಚುರ್ರ್ ಅನಸೋದು. ಕಿವಿ ಚುಚ್ಚಿದ ತೂತಿಗಿ ಯಾರಾದ್ರೂ ಗಾಯ ಅಂತಾರೇನು? ಹಂಗೇ ಬರಿಗಿ ಯಾರೂ ಕಲಿ ಅಂದಿರಲಿಲ್ಲ. ಫೋನಿನ್ಯಾಗ ತಾನು ಅಂದ ಪರಾತದ ಮಾತು ಅಂವಗ ನೆನಪಾತು. ಸುನಿತಾ ಅಂವನ ಮಾರಿ ನೋಡಿದ್ಳು.

"ಕೇಳವ್ವ," ಒಳಗ ಡಾಕ್ಟರ್ ಹೇಳಾಕತ್ತಿದ್ರು. "ಕರೆಂಟಿನ ವಾಯರ್ ಜೋಡಿಸಿದಲ್ಲಿ ಸಡಲ ಇದ್ರ ಬಲ್ಬಿಗಿ ಹೋಗೋ ಮೊದ್ಲೇ ಅಲ್ಲೇ ಸುಡ್ತದ ಇಲ್ಲೋ? ಹಂಗೇ ಇದು. ಚೊಲೋ ತೊಗಲಾಗಿಂದ ಸಪ್ಪಳ ಸುಮ್ನ ಒಳಗ ಹೋಗ್ತದ. ಸುಟ್ಟ ಕಲಿ ಅದನ್ನ ಅಲ್ಲೇ ನುಂಗ್ತದ. ಒಳಗಿನ ಗಡ್ಡಿ ಬೇಯೋದು ಬಿಟ್ಟು ಮ್ಯಾಲಿನ ಹೊಟ್ಟಿ ಬೇಯ್ತದ."

"ಯವ್ವ!" ಇದು ಗೊಲ್ಲಾಳಮ್ಮನ ದನಿ. "ಅವಾಗ ಹಾಕಿದ ಬರಿ ಈಗ ಹೆಂಗ ಸುಡ್ತದ?"

"ನೀವ್ಯಾರು?"

"ನಾನೇ ಹಾಕಿದ್ದು," ಅಂದ್ಳು ಗೊಲ್ಲಾಳಮ್ಮ. ಮುದುಕಿ ದನ್ಯಾಗ ಅಂಜಿಕಿನೂ ಇತ್ತು, ಸಣ್ಣದೊಂದು ಜಂಬನೂ ಇತ್ತು. "ನಮ್ಮತ್ತಿ ಕಲಿಸಿದ್ಳು. ಆಕಿ ಹೋದಮ್ಯಾಲ ಓಣಿ ಕೂಸೆಲ್ಲಾ ನನ್ನ ತೊಡಿ ಮ್ಯಾಲೇ. ಈಗ ಬಿಟ್ಟು ಬಾಳ ದಿನಾತು. ಈಗಿನ ಹುಡಿಗ್ಯಾರು ಕೂಸು ಕೊಡಂಗಿಲ್ಲ."

"ಕೊಡಬಾರದು. ಈಗ ಹಾಕಿದ್ರ ಪೊಲೀಸರು ಒಯ್ತಾರ, ತಿಳೀತಾ?"

ಆಮ್ಯಾಲ ಬಾಳ ಹೊತ್ತು ಮಷೀನಿನ ಗುಯ್ಗುಡೋ ಸಪ್ಪಳ ಬಿಟ್ರ ಏನೂ ಇಲ್ಲ. ಸೂಗಪ್ಪ ಪರದಿ ನೋಡ್ಕೊಂತ ಕುಂತ. ಅದರ ಮ್ಯಾಲ ನವಿಲಿನ ಚಿತ್ರ ಇದ್ದವು, ಮದುವಿ ಮನಿ ಪರದಿ. ಸುನಿತಾನ ಕೈ ಹಿಡಕೊಂಡ. ಹೊರಗ ಬಿಸಲು ಹೊಡ್ಯಾಕತ್ತಿತ್ತು.

"ನಸೀಬದಾಕಿ ಇದ್ದಿ ಬಿಡವ್ವ," ಅಂದ್ರು ಡಾಕ್ಟರ್. "ನಾಕೂ ಬಾಜೂಕ್ಕವ. ಎರಡು ಬಲಕ್ಕ, ಎರಡು ಎಡಕ್ಕ. ನಡುವ ದಾರಿ ಪೂರಾ ಸಾಫ್ ಅದ. ನಿನ್ನ ಗಡ್ಡಿಗಿ ಆ ದಾರಿ ಸಾಕು. ಹೈದ್ರಾಬಾದಿಗಿ ಬಾ, ಮಾಡೂನು."

ಪರದಿ ಸರೀತು. ಮಲಕಮ್ಮ ಮದುಮಗಳಂಗ ನಕ್ಕೋಂತ ಹೊರಗ ಬಂದ್ಳು. ಹಿಂದ ಗೊಲ್ಲಾಳಮ್ಮ, ಎದಿ ಉಬ್ಬಿಸಿಕೊಂಡು. "ಕೇಳಿದೇನು ಸೂಗಪ್ಪ? ದಾರಿ ಸಾಫ್ ಬಿಟ್ಟು ಹಾಕೀನಿ ಅಂತ ಡಾಕ್ಟರೇ ಅಂದ್ರು. ನನ್ನ ಕೈ ಅಂದ್ರ ಕೈ! ನಡಿ ಸುನೀ, ನಿಂದೂ ಇದೇ ಕೈ."

ಸೂಗಪ್ಪಗ ಹೋದ ಜೀವ ತಿರುಗಿ ಬಂತು. ಅಲ್ಲ ಮತ್ತ! ಒಬ್ಬಳದೇ ಕೈ, ಒಂದೇ ದಬ್ಬಣಾ, ಒಂದೇ ಅಳತಿ. ಮಲಕಮ್ಮಗ ದಾರಿ ಸಿಕ್ಕದಂದ್ರ ಸುನಿತಾಗ ಹೆದ್ದಾರಿನೇ ಸಿಗಬೇಕು. ಹೇಣ್ತಿ ಜೋಡಿ ಗಂಡ ಬರಬಹುದು ಅಂದ್ರು. ಅವ್ವನ ಹಿಂದ ಒಳಗ ಹೋದ. ಸುನಿತಾ ಮಂಚದ ಮ್ಯಾಲ ಮಲಗಿ ಕುಪ್ಪಸದ ಕೆಳಗ ಸೀರಿ ಸರಿಸಿದ್ಳು.

ಡಾಕ್ಟರ್ ಜೆಲ್ ಹಚ್ಚಿದ್ರು. ಬೆರಳಿಟ್ಟು ನೋಡಿದ್ರು. "ಎರಡು ಬಲಕ್ಕ. ಎರಡು ಎಡಕ್ಕ. ಹೂಂ, ಅದೇ ಕೈ." ಸೂಗಪ್ಪ ಗೋಣು ಹಾಕಿದ. ಗೊಲ್ಲಾಳಮ್ಮ ಇನ್ನಷ್ಟು ಜೋರಾಗಿ ಹಾಕಿದ್ಳು. ಡಾಕ್ಟರ್ ಸೀರಿ ನಿರಗಿ ಇನ್ನೊಂದೆರಡು ಬೆರಳು ಕೆಳಗ ಸರಿಸಿದ್ರು. ಅವರ ಕೈ ನಿಂತಿತು.

ಹೊಕ್ಕಳದ ಕೆಳಗ, ಸರೀ ನಡುವ, ಇನ್ನೊಂದು. ಕೂಸಿನ ಹೊಟ್ಟಿ ಮ್ಯಾಲ ಕಡ್ಲಿಯಷ್ಟಿದ್ದದ್ದು ಹೊಟ್ಟಿ ಬೆಳದಂಗೆಲ್ಲಾ ತಾನೂ ಬೆಳದು, ಬಸರಿದ್ದಾಗ ಹಿಗ್ಗಿ, ಈಗ ಹಳೇ ಒಂದು ರೂಪಾಯಿ ಬಿಲ್ಲಿಯಷ್ಟಾಗಿ, ಗಟ್ಟಿಯಾಗಿ ಮಿಂಚಾಕತ್ತಿತ್ತು.

ಡಾಕ್ಟರ್ ಅದರ ಮ್ಯಾಲ ಮಷೀನಿನ ಹಿಡಕಿ ಇಟ್ಟ ಕೂಡ್ಲೆ ಟಿ.ವಿ. ಮ್ಯಾಲ ಕರ್ರಗ ಒಂದು ಗೆರಿ ಮ್ಯಾಲಿಂದ ಕೆಳತನ ಇಳೀತು. ಗಡ್ಡಿ ಮಾಯ. ಹಿಡಕಿ ಸರಿಸಿದ್ರ ಗಡ್ಡಿ ಕಾಣ್ತದ, ಮತ್ತ ಇಟ್ರ ಮಾಯ. ಓರೆ ಮಾಡಿ ನೋಡಿದ್ರು. ಕೆಳಗಿಂದ ನೋಡಿದ್ರು. ಸುನಿತಾನ್ನ ಡಬ್ಬ ಮಲಗಿಸಿ, ಮತ್ತ ಅಂಗಾತ ಮಾಡಿ ನೋಡಿದ್ರು. ನೀರು ಕುಡಿಸಿ, ಉಚ್ಚಿ ಚೀಲ ತುಂಬಿಸಿ, ಮತ್ತೊಮ್ಮಿ ನೋಡಿದ್ರು. ಸೂಗಪ್ಪ ಡಾಕ್ಟರ್ ಮಾರಿ ಬಿಟ್ಟು ಬ್ಯಾರೆ ಏನೂ ನೋಡಲಿಲ್ಲ. ಆ ಮಾರಿ ಸಾವಕಾಶ ಮುಚ್ಚಿಕೊಂಡಿದ್ದು ಅಂವಗ ಕಂಡಿತು, ತನ್ನ ಶಟರ್ ಇಳಿದಂಗ.

"ಆಗಂಗಿಲ್ರಿ."

"ಏನ್ರಿ?" ಸೂಗಪ್ಪಗ ತಿಳೀಲಿಲ್ಲ ಅಂತಲ್ಲ. ತಿಳಿಯೋದು ಬ್ಯಾಡಾಗಿತ್ತು.

"ಗಡ್ಡಿ ಬಾಳ ಆಳದಾಗ ಕುಂತದ, ನೇರ ಈ ಬರಿ ಕೆಳಗ. ಓರೆ ಬಿಟ್ರ ಒಂದು ಕಡಿ ಕರಳು ಅಡ್ಡ ಬರ್ತದ, ಇನ್ನೊಂದು ಕಡಿ ಎಲುಬು. ನಡುವಿಂದ ಬಿಟ್ರ ಹೊಟ್ಟಿಗಿ ತೂತು ಬೀಳ್ತದ."

"ಆ ಒಂದು ಬರಿ ಕೆತ್ತಿ ತೆಗದ್ರ?"

"ಕೆತ್ತಿದಲ್ಲಿ ಇನ್ನೊಂದು ಕಲಿ ಆಗ್ತದಲ್ರಿ."

"ಸಣ್ಣಗ ಬಿಡ್ರಿ ಸಪ್ಪಳ, ಹಗೂರಕ," ಅಂದ ಸೂಗಪ್ಪ. "ಒಂದು ಬಿಲ್ಲಿಯಷ್ಟು ಜಾಗಾ ರೀ. ಉಳದ ಹೊಟ್ಟಿ ಎಲ್ಲಾ ಸಾಫ್ ಅದ. ಒಂದು ಬಿಲ್ಲಿ ಸಂಬಂಧ ಬ್ಯಾಡ ಅಂತೀರೇನ್ರಿ?"

"ಬ್ಯಾಡ ಅನ್ನೋದು ನಾನಲ್ಲ. ಈ ಬಿಲ್ಲಿ," ಅಂದ್ರು ಡಾಕ್ಟರ್. ಅವರ ಕಣ್ಣೂ ಒದ್ದಿ ಆಗಿದ್ದವು. "ಬರೇ ಗಡ್ಡಿ ತೆಗಿಯೋ ಆಪರೇಷನ್ ಒಂದದ. ಹೊಟ್ಟಿ ತೆರೀಬೇಕು. ಚೀಲ ಉಳಸಲಾಕ ನೋಡ್ತಾರ. ಆದ್ರ ಇಷ್ಟು ಆಳದ್ದು, ರಕ್ತ ನಿಲ್ಲಲಿಲ್ಲಂದ್ರ ಚೀಲನೂ ಹೋಗಬಹುದು. ಉಳೀತದ ಅಂತ ನಾ ಆಣಿ ಮಾಡಿ ಹೇಳಂಗಿಲ್ಲ. ಇನ್ನ ತಡ ಮಾಡಬ್ಯಾಡ್ರಿ, ಮೈಯಾಗ ರಕ್ತ ಇಲ್ಲ."

ಸೂಗಪ್ಪ ಪರದ್ಯಾಗಿನ ಸಂದಿಲೇ ಹೊರಗ ನೋಡಿದ. ಮಲಕಮ್ಮ ಯಾರಿಗೋ ಫೋನ್ ಹಚ್ಚಿ "ಕೊಯ್ಯಂಗಿಲ್ಲಂತ ನೋಡವ್ವ, ಬರೇ ಕಾಯಿಸೋದಂತ" ಅಂತ ಹೇಳಾಕತ್ತಿದ್ಳು. ಇನ್ನ ಓಣಿ ಹೆಂಗಸರೆಲ್ಲಾ ಹೋಗ್ತಾರ. ಎಲ್ಲಾರಿಗೂ ನಾಕು ನಾಕೇ ಬರಿ, ಎಲ್ಲಾರಿಗೂ ದಾರಿ ಸಾಫ್. ಯಾರ ಸಂಬಂಧ ಇಷ್ಟೆಲ್ಲಾ ಸುರು ಆತೋ ಆಕಿಗೊಬ್ಬಳಿಗೇ ಬಾಗಲಾ ಬಂದ್.

ಸುನಿತಾ ಎದ್ದು ಕುಂತ್ಳು. ಹೊಟ್ಟಿ ಮ್ಯಾಲಿನ ಜೆಲ್ ಒರಸಿಕೊಳ್ಳಲಿಲ್ಲ. ಅಳಲೂ ಇಲ್ಲ. ಮೂಲ್ಯಾಗ ನಿಂತ ಗೊಲ್ಲಾಳಮ್ಮನ್ನ ನೋಡಿದ್ಳು.

"ಅತ್ತಿ."

ಮುದುಕಿ ಸೆರಗು ಬಾಯಾಗ ತುರಕೊಂಡಿದ್ಳು.

"ಅತ್ತಿ, ಮಲಕಕ್ಕಗ ನಾಕು. ನಿಮ್ಮ ಮಗಗ ನಾಕು. ನನಗ್ಯಾಕ ಐದು?"

ಗೊಲ್ಲಾಳಮ್ಮ ಬಾಯಾಗಿಂದ ಸೆರಗು ತೆಗದ್ಳು.

"ನೀ ಬಾಳ ಸಣ್ಣ ಕೂಸಿದ್ದೆವ್ವ. ನಾಕು ಹಾಕಿದ್ರೂ ಅಳು ನಿಲ್ಲಲಿಲ್ಲ. ನನ್ನ ತಮ್ಮನ ಮಗಳು, ನಮ್ಮ ಮನಿಗಿ ಬರಾಕಿ... ಏನರ ಆದ್ರ ಅಂತ ಜೀವ ತಡೀಲಿಲ್ಲ. ಮಂದಿ ಕೂಸಿಗಿ ನಾಕೇ ಹಾಕ್ತಿದ್ದೆ. ನಿನಗೊಂದು ಜಾಸ್ತಿ ಹಾಕಿದೆ."